ಕ್ಯಾಬಿನ್ನಿನೊಳಗಿನ ಗದ್ದಲ

ಕೋಲಾರದ ಕೃಷಿ ಮಾರುಕಟ್ಟೆಯಲ್ಲಿ ಟೊಮೆಟೊ ಹೇರಿಕೊಂಡು, ಕತ್ತಲಲ್ಲಿಯೇ ಹೆದ್ದಾರಿ ಹಿಡಿಯುವ ಡೀಸೆಲ್ ಪಿಕಪ್ ವಾಹನಗಳನ್ನು ನೀವು ಕಂಡಿರಬಹುದು. ಮುಂದೆ ಇಬ್ಬರು ಮೂವರು ಒತ್ತಿಕೊಂಡು ಕೂರುವಷ್ಟು ಚಿಕ್ಕ ಕ್ಯಾಬಿನ್, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ, ಇಷ್ಟೇ ಅದರ ರೂಪ. ಹದಿನೈದು ಇಪ್ಪತ್ತು ವರ್ಷ ದುಡಿದು ಸವೆದ ಇಂತಹ ವಾಹನವೊಂದು ನಮ್ಮ ಮುಂದೆ ಹಾದುಹೋದಾಗ ಅದರ ಆರ್ಭಟ ನಮಗೆ ಕೆಲವು ಕ್ಷಣ ಮಾತ್ರ ಕೇಳಿಸುತ್ತದೆ. ಒಳಗೆ ಕುಳಿತ ಚಾಲಕನಿಗಾದರೋ ಅದು ರಾತ್ರಿಯಿಡೀ ಜೊತೆಗಿರುವ ಸಂಗಾತಿ. ಪಕ್ಕದಲ್ಲಿರುವ ಕ್ಲೀನರನೊಡನೆ ಒಂದು ಮಾತಾಡಬೇಕಾದರೂ ಅವನು ಕೂಗಬೇಕು. ಬೆಳಗಾಗುವ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಎಂಜಿನ್ ನಿಂತ ಮೇಲೂ ಕಿವಿಯಲ್ಲಿ ಗುಂಯ್‌ಗುಡುವ ನಾದವೊಂದು ಉಳಿದಿರುತ್ತದೆ. ಇದು ಹೊಟ್ಟೆಪಾಡಿನ ಒಂದು ಭಾಗವೆಂದು ಅವನು ಸುಮ್ಮನಾಗುತ್ತಾನೆ. ಹಾಗೆ ಸುಮ್ಮನಾಗಬೇಕಾದ ಕಾರಣವಿಲ್ಲ.

ಕಿವಿಯ ಒಳಭಾಗದಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಂದು ಅಂಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸಾಲುಗಟ್ಟಿ ನಿಂತಿವೆ. ಗಾಳಿಯ ಕಂಪನವನ್ನು ನರಗಳಿಗೆ ತಿಳಿಯುವ ಸಂಕೇತವಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಗದ್ದಲ ಮಿತಿಮೀರಿದಾಗ ಈ ಕೋಶಗಳು ಬಳಲುತ್ತವೆ. ದಿನವೂ ಹೀಗೆಯೇ ಆದರೆ ಸಾಯುತ್ತವೆ. ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಆದರೆ ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಈ ನಷ್ಟ ಸಾಮಾನ್ಯವಾಗಿ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನ ಎತ್ತರದ ಸ್ವರಗಳಿಂದ ಮೊದಲುಗೊಳ್ಳುತ್ತದೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಆವೃತ್ತಿಗಳಲ್ಲಿರುವುದರಿಂದ ಅವು ಕೇಳಿಸುತ್ತಲೇ ಇರುತ್ತವೆ. ‘ಸ’, ‘ಶ’ಗಳಂತಹ ವ್ಯಂಜನಗಳು ಮಾತ್ರ ಮಸುಕಾಗುತ್ತವೆ. ‘ಸಾಲು’ ಎಂದರೂ ‘ಹಾಲು’ ಎಂದರೂ ಒಂದೇ ಆಗಿ ತೋರುತ್ತದೆ. ಅದಕ್ಕೆಂದೇ ಇಂತಹವರು ‘ನೀವು ಮಾತಾಡುವುದು ಕೇಳಿಸುತ್ತದೆ, ತಿಳಿಯುವುದಿಲ್ಲ’ ಎನ್ನುತ್ತಾರೆ. ಮನೆಯವರು ಅದನ್ನು ಗಮನಗೇಡಿತನವೆಂದು ತಪ್ಪು ತಿಳಿಯುವುದೂ ಉಂಟು.

ಸದ್ದಿನ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಮಾನದ ನಡೆ ಕೊಂಚ ವಿಚಿತ್ರವಾದುದು. ಇಲ್ಲಿ ಸಾಮಾನ್ಯ ಕೂಡುವಿಕೆ ನಡೆಯುವುದಿಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 10 ಏರಿದರೆ ಹತ್ತು ಮಡಿಯಾಗುತ್ತದೆ. ಆದರೆ ಹತ್ತು ಮಡಿಯಾದ ಸದ್ದು ನಮ್ಮ ಕಿವಿಗೆ ಸುಮಾರು ಎರಡರಷ್ಟಾಗಿ ಮಾತ್ರ ತೋರುತ್ತದೆ. ಸಹಜವಾದ ಮಾತುಕತೆ 60 ಡೆಸಿಬೆಲ್‌ನಷ್ಟು. ಹಳೆಯ ಡೀಸೆಲ್ ವಾಹನದ ಕ್ಯಾಬಿನ್ನಿನಲ್ಲಿ, ವೇಗವಾಗಿ ಹೋಗುವಾಗ, 80ನ್ನು ದಾಟುವುದು ಅಪರೂಪವಲ್ಲ. ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1998ರಲ್ಲಿ ಮಾಡಿದ ಶಿಫಾರಸಿನಂತೆ, 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. 88 ಆದರೆ 4 ಗಂಟೆ. 91 ಆದರೆ 2 ಗಂಟೆ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ನಮಗೆ ಉತ್ಸಾಹ ಹುಟ್ಟುತ್ತದೆ. ಕೇವಲ 3 ಡೆಸಿಬೆಲ್ ತಗ್ಗಿಸಿದರೂ ಚಾಲಕನ ಕಿವಿಗೆ ತಗಲುವ ಪೆಟ್ಟು ಅರ್ಧವಾಗುತ್ತದೆ.

ಇಷ್ಟೊಂದು ಸದ್ದು ಡೀಸೆಲ್ ಎಂಜಿನ್ನಿನಲ್ಲಿ ಏಕೆ ಹುಟ್ಟಬೇಕು? ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಮೊದಲೇ ಬೆರೆತಿರುತ್ತವೆ; ಕಿಡಿಯೊಂದು ಹೊತ್ತಿಸಿದ ಜ್ವಾಲೆ ಆ ಮಿಶ್ರಣದಲ್ಲಿ ಕ್ರಮವಾಗಿ ಹರಡುತ್ತದೆ. ಡೀಸೆಲ್ಲನ ಯಂತ್ರದಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಹದಿನಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅಮುಕಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಎಣ್ಣೆಯನ್ನು ತುಂತುರಾಗಿ ಸಿಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ತಕ್ಷಣವಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಣ್ಣ ತಡವೊಂದು ಇರುತ್ತದೆ. ಆ ತಡದಲ್ಲಿ ಬಂದು ಸೇರಿದ ಎಣ್ಣೆಯೆಲ್ಲ ಒಮ್ಮೆಗೇ ಧಗ್ಗೆಂದು ಉರಿಯುತ್ತದೆ. ಒತ್ತಡ ಮೆಲ್ಲಗೆ ಏರದೆ ಹಾರಿ ಏರುತ್ತದೆ. ಸುತ್ತಿಗೆಯಿಂದ ಹೊಡೆದಂತೆ ಸಿಲಿಂಡರಿನ ಗೋಡೆ ನಡುಗುತ್ತದೆ. ಡೀಸೆಲ್ ಎಂಜಿನ್ನಿನ ‘ಕಟಕಟ’ ಸದ್ದು ಹುಟ್ಟುವುದು ಹೀಗೆ. ಚಳಿಗಾಲದ ಬೆಳಗಿನಲ್ಲಿ ಎಂಜಿನ್ ತಣ್ಣಗಿರುವುದರಿಂದ ತಡ ಇನ್ನೂ ಹೆಚ್ಚು. ಆದ್ದರಿಂದ ಸದ್ದೂ ಹೆಚ್ಚು.

ಈ ಗುಟ್ಟು ತಿಳಿದ ಮೇಲೆ ಪರಿಹಾರವೂ ಹೊಳೆಯಿತು. ಎಣ್ಣೆಯನ್ನೆಲ್ಲ ಒಮ್ಮೆಗೇ ಕೊಡದೆ, ಮೊದಲು ಒಂದು ಹನಿಯಷ್ಟನ್ನು ಕೊಟ್ಟು ಉರಿಯನ್ನು ಹೊತ್ತಿಸಿಕೊಂಡು, ಆಮೇಲೆ ಉಳಿದುದನ್ನು ಕೊಟ್ಟರಾಯಿತು. 1997ರಲ್ಲಿ ಕಾರುಗಳಿಗೆ ಬಂದ ‘ಕಾಮನ್ ರೈಲ್’ ವ್ಯವಸ್ಥೆ ಇದನ್ನು ಸಾಧ್ಯಗೊಳಿಸಿತು. ಅಮೆರಿಕದ ಡಾಡ್ಜ್ ಪಿಕಪ್‌ಗಳಲ್ಲಿ 1989ರಿಂದ ಕಮಿನ್ಸ್ ಕಂಪೆನಿಯ 5.9 ಲೀಟರಿನ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಬಳಕೆಗೆ ಬಂದಿತು. ಅದರ ಬಲ ಎಷ್ಟು ಪ್ರಸಿದ್ಧವೋ ಅದರ ಗದ್ದಲವೂ ಅಷ್ಟೇ ಪ್ರಸಿದ್ಧ. ಅಷ್ಟೇ ಗಾತ್ರದ, ಅಷ್ಟೇ ಸಿಲಿಂಡರುಗಳ ಎಂಜಿನ್ನಿಗೆ 2003ರ ಮಾದರಿಯಲ್ಲಿ ಕಾಮನ್ ರೈಲ್ ಅಳವಡಿಸಿದಾಗ ಕಟಕಟ ಸದ್ದು ಎದ್ದು ಕಾಣುವಷ್ಟು ಇಳಿಯಿತು. ಆದರೆ ಹಳೆಯ ಎಂಜಿನ್ನಿಗೆ ಈ ಹೊಸ ವ್ಯವಸ್ಥೆಯನ್ನು ಕೂಡಿಸುವುದು ಬಡ ಚಾಲಕನ ಕೈಗೆಟಕುವ ಮಾತಲ್ಲ. ಅವನು ಮಾಡಿಸಬಹುದಾದುದು ಇಷ್ಟು: ಇಂಧನದ ಪಂಪು ಮತ್ತು ನೋಜಲ್‌ಗಳನ್ನು ಪರೀಕ್ಷಿಸಿ ಸರಿಪಡಿಸುವುದು. ಎಣ್ಣೆ ಸಿಡಿಯುವ ಗಳಿಗೆ ಸ್ವಲ್ಪ ಮುಂಚಿತವಾದರೂ, ನೋಜಲ್ ತುಂತುರಿನ ಬದಲು ತೊಟ್ಟಿಕ್ಕಿದರೂ ಸದ್ದು ಏರುತ್ತದೆ. ಇದನ್ನು ಬಿಟ್ಟು ಕ್ಯಾಬಿನ್ನಿಗೆ ಹೊದಿಕೆ ಹಾಕುವುದು ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದಂತೆ.

ಹುಟ್ಟಿದ ಸದ್ದು ಚಾಲಕನ ಕಿವಿಯನ್ನು ಎರಡು ದಾರಿಗಳಿಂದ ಸೇರುತ್ತದೆ. ಗಾಳಿಯಲ್ಲಿ ಹರಡಿ, ಸಂದಿಗೊಂದಿಗಳಲ್ಲಿ ನುಸುಳಿ, ತಗಡನ್ನು ಹಾದು ಬರುವುದು ಒಂದು ದಾರಿ. ಎಂಜಿನ್ನಿನ ನಡುಕ ಅದನ್ನು ಹೊತ್ತ ಚೌಕಟ್ಟಿಗೆ, ಚೌಕಟ್ಟಿನಿಂದ ಕ್ಯಾಬಿನ್ನಿನ ನೆಲಕ್ಕೆ, ಬಾಗಿಲಿಗೆ, ಚಾವಣಿಗೆ ಸಾಗಿ, ಅಲ್ಲಿ ತಗಡೇ ಕಂಪಿಸಿ ಹೊಸದಾಗಿ ಸದ್ದನ್ನು ಹುಟ್ಟಿಸುವುದು ಇನ್ನೊಂದು ದಾರಿ. ವೀಣೆಯ ತಂತಿಯೊಂದನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಅದರ ನಾದ ಪಕ್ಕದವನಿಗೂ ಸರಿಯಾಗಿ ಕೇಳದು. ಅದೇ ತಂತಿ ವೀಣೆಯ ಮೇಲಿದ್ದರೆ ಸಭೆಗೆಲ್ಲ ಕೇಳಿಸುತ್ತದೆ. ತಂತಿಯ ಕಂಪನವನ್ನು ಕೊಡದ ಅಗಲವಾದ ಹಲಗೆ ಎತ್ತಿಕೊಂಡು ಗಾಳಿಗೆ ಕೊಡುತ್ತದೆ. ಪಿಕಪ್ಪಿನ ಎಂಜಿನ್ ತಂತಿಯಾದರೆ ಕ್ಯಾಬಿನ್ ಅದರ ಕೊಡ, ಕೊರತೆಯೆಂದರೆ ಸಂಗೀತವೊಂದೇ!

ಯಾವ ದಾರಿಯಿಂದ ಎಷ್ಟು ಸದ್ದು ಬರುತ್ತಿದೆ ಎಂಬುದನ್ನು ಮೊದಲು ಅರಿಯಬೇಕು. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ಓಡುವಾಗ ಎಷ್ಟು ಸುತ್ತು ತಿರುಗುವುದೋ ಅಷ್ಟೇ ವೇಗದಲ್ಲಿ ಎಂಜಿನ್ನನ್ನು ನಡೆಸಿ ಆಲಿಸಬೇಕು. ಆಗ ಕೇಳುವುದೆಲ್ಲ ಎಂಜಿನ್ ಮತ್ತು ಹೊಗೆಕೊಳವೆಗಳ ಪಾಲು. ಓಡುವಾಗ ಅದಕ್ಕೆ ಸೇರಿಕೊಳ್ಳುವುದು ಟೈರು, ಗೇರು ಮತ್ತು ಗಾಳಿಗಳ ಪಾಲು. ಈ ವಿಂಗಡಣೆ ಏಕೆಂದರೆ, ಡೆಸಿಬೆಲ್ ಲೆಕ್ಕದಲ್ಲಿ ದೊಡ್ಡ ಸದ್ದು ಚಿಕ್ಕದನ್ನು ನುಂಗಿಬಿಡುತ್ತದೆ. ಎಂಜಿನ್ನಿನ ಸದ್ದು 84 ಡೆಸಿಬೆಲ್, ಗಾಳಿಯ ಸದ್ದು 74 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಹೇಗೋ ಹರಸಾಹಸ ಮಾಡಿ ಗಾಳಿಯ ಸದ್ದನ್ನು ಪೂರ್ತಿಯಾಗಿ ಅಳಿಸಿದೆವೆನ್ನಿ. ಒಟ್ಟು ಸದ್ದಿನಲ್ಲಿ ಇಳಿಯುವುದು ಅರ್ಧ ಡೆಸಿಬೆಲ್ಲೂ ಇಲ್ಲ! ಹಣವೂ ಶ್ರಮವೂ ನೀರಿನಲ್ಲಿ ಹೋದಂತಾಯಿತು. ಆದುದರಿಂದ ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಹಿಡಿಯಬೇಕು. ಅದು ಅಡಗಿದ ಮೇಲೆ, ಅದುವರೆಗೆ ಕೇಳಿಸದಿದ್ದ ಬಾಗಿಲಿನ ಕಿರುಗುಟ್ಟುವಿಕೆಯೋ ಆಸನದ ಕೆಳಗಿನ ಜಾಕಿಯ ಗಡಗಡವೋ ತಲೆಯೆತ್ತುತ್ತದೆ. ಹೊಸ ರೋಗ ಬಂದಿತೆಂದು ಗಾಬರಿಯಾಗಬೇಕಿಲ್ಲ. ಅದು ಮೊದಲೂ ಅಲ್ಲಿಯೇ ಇತ್ತು.

ಸಾಮಾನ್ಯವಾಗಿ ಮೊದಲ ಅಪರಾಧಿ ಹೊಗೆಕೊಳವೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ 120ನೆಯ ನಿಯಮವು ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಬೇಕೆಂದು ವಿಧಿಸುತ್ತದೆ. ತುಕ್ಕು ಹಿಡಿದು ತೂತಾದ ಸೈಲೆನ್ಸರ್ ಸದ್ದನ್ನು ಮಾತ್ರವಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೂ ಹೊರಬಿಡುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ. ಸದ್ದಿಗೆ ದಾರಿಯಾದ ಸಂದಿ ಇದಕ್ಕೂ ದಾರಿಯಾಗುತ್ತದೆ. ಆದುದರಿಂದ ಸೈಲೆನ್ಸರಿನ ದುರಸ್ತಿಯನ್ನು ನಾಳೆಗೆ ಹಾಕಬಾರದು.

ಎರಡನೆಯದು ಎಂಜಿನ್ನನ್ನು ಚೌಕಟ್ಟಿನ ಮೇಲೆ ಕೂರಿಸಿರುವ ರಬ್ಬರಿನ ಮೌಂಟಿಂಗ್. ಇದರ ಮಹತ್ವವನ್ನು ತಿಳಿಯಲು ನೀವೇ ಒಂದು ಪ್ರಯೋಗ ಮಾಡಬಹುದು. ಉದ್ದನೆಯ ರಬ್ಬರ್ ಎಳೆಗೆ ಚಿಕ್ಕ ಕಲ್ಲೊಂದನ್ನು ಕಟ್ಟಿ ತೂಗಬಿಡಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಕಲ್ಲು ಕೈಯ ಜೊತೆಯಲ್ಲಿಯೇ ಏರಿಳಿಯುತ್ತದೆ. ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಒಂದು ಹಂತದಲ್ಲಿ ಕಲ್ಲು ಕೈಗಿಂತಲೂ ಹೆಚ್ಚಾಗಿ ಕುಣಿಯುತ್ತದೆ. ಇದಕ್ಕೆ ಅನುನಾದವೆಂದು ಹೆಸರು. ಇನ್ನೂ ವೇಗವಾಗಿ ಕೈಯಾಡಿಸಿದರೆ ಆಶ್ಚರ್ಯವನ್ನು ಕಾಣುವಿರಿ: ಕೈ ನಡುಗುತ್ತಿದ್ದರೂ ಕಲ್ಲು ಬಹುಮಟ್ಟಿಗೆ ನಿಂತೇ ಇರುತ್ತದೆ. ಎಳೆ ಮೃದುವಾಗಿದ್ದಷ್ಟೂ ಈ ನಿಶ್ಚಲತೆ ಬೇಗ ಸಿದ್ಧಿಸುತ್ತದೆ. ಎಂಜಿನ್ನಿನ ಮೌಂಟಿಂಗ್ ಮಾಡುವುದೂ ಇದನ್ನೇ; ಇಲ್ಲಿ ನಡುಗುವುದು ಎಂಜಿನ್, ನಿಶ್ಚಲವಾಗಿರಬೇಕಾದುದು ಚೌಕಟ್ಟು. ವರ್ಷಗಳು ಕಳೆದಂತೆ ಬಿಸಿಗೂ ಎಣ್ಣೆಯ ಸೋರಿಕೆಗೂ ಸಿಕ್ಕಿ ರಬ್ಬರು ಕೆಡುತ್ತದೆ. ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಕೆಲವೊಮ್ಮೆ ಕುಸಿದು ಕಬ್ಬಿಣಕ್ಕೆ ಕಬ್ಬಿಣವೇ ತಾಗುತ್ತದೆ. ನಿಂತ ವಾಹನದಲ್ಲಿ ಗೇರಿನ ಕೋಲೂ ಕನ್ನಡಿಯೂ ಅತಿಯಾಗಿ ನಡುಗುತ್ತಿದ್ದರೆ ಮೌಂಟಿಂಗ್ ಕಡೆಗೆ ನೋಡಬೇಕು. ಹಳೆಯ ವಾಹನದಲ್ಲಿ ಖರ್ಚಿಗೆ ತಕ್ಕ ಫಲ ಇದರಷ್ಟು ಮತ್ತೊಂದರಲ್ಲಿ ಸಿಗುವುದು ಕಷ್ಟ.

ಇನ್ನು ತೂತುಗಳ ವಿಷಯ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ತಗಡಿನ ಗೋಡೆಯೊಂದಿದೆ. ಸ್ಟಿಯರಿಂಗ್ ದಂಡ, ಕ್ಲಚ್ಚಿನ ಕೇಬಲ್, ವಿದ್ಯುತ್ ತಂತಿಗಳು ಅದನ್ನು ತೂರಿಕೊಂಡು ಬರುತ್ತವೆ. ಅವುಗಳ ಸುತ್ತ ಇದ್ದ ರಬ್ಬರಿನ ಬಳೆಗಳು ಕಾಲಕ್ರಮದಲ್ಲಿ ಕಳಚಿ ಬಿದ್ದಿರುತ್ತವೆ. ‘ಇಷ್ಟು ಚಿಕ್ಕ ತೂತಿನಿಂದ ಏನಾದೀತು?’ ಎಂದು ನಮಗೆ ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಗೋಡೆ ತನ್ನ ಮೇಲೆ ಬಿದ್ದ ಸದ್ದಿನ ಶಕ್ತಿಯಲ್ಲಿ ಸಾವಿರದ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ, ಅಂದರೆ 30 ಡೆಸಿಬೆಲ್ ತಡೆಯುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 3 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತೂತೊಂದಿದ್ದರೆ ಅದರ ವಿಸ್ತಾರ ಗೋಡೆಯ ಸಾವಿರದ ಒಂದು ಪಾಲು. ತೂತು ತನ್ನ ಮೇಲೆ ಬಿದ್ದುದನ್ನೆಲ್ಲ ಒಳಬಿಡುತ್ತದೆ. ಹಾಗಾದರೆ ಇಡೀ ಗೋಡೆಯಿಂದ ಎಷ್ಟು ಸದ್ದು ಬರುವುದೋ ಅಷ್ಟೇ ಸದ್ದು ಈ ಒಂದು ತೂತಿನಿಂದಲೂ ಬಂದಂತಾಯಿತು! ತೂತು 10 ಸೆಂಟಿಮೀಟರ್ ಚೌಕವಾದರೆ ಗೋಡೆಯ ತಡೆ 30ರಿಂದ 20 ಡೆಸಿಬೆಲ್ಲಿಗೆ ಕುಸಿಯುತ್ತದೆ. ಆಗ ಗೋಡೆಯನ್ನು ಎಷ್ಟು ದಪ್ಪ ಮಾಡಿದರೂ ಫಲವಿಲ್ಲ.

ಬಾಗಿಲಿನ ಸುತ್ತ ಇರುವ ಬೀಡಿಂಗ್ ರಬ್ಬರಿಗೂ ಇದೇ ಮಾತು ಸಲ್ಲುತ್ತದೆ. ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ, ಎಳೆದು ನೋಡಬೇಕು. ಬಿಗಿಯಾಗಿ ಬಂದರೆ ರಬ್ಬರು ಜೀವಂತವಾಗಿದೆ. ಸಲೀಸಾಗಿ ಜಾರಿದರೆ ಅಲ್ಲಿ ಅದು ಸತ್ತಿದೆ. ಕತ್ತಲಲ್ಲಿ ಕ್ಯಾಬಿನ್ನಿನೊಳಗೆ ಟಾರ್ಚ್ ಹಚ್ಚಿ ಹೊರಗಿನಿಂದ ಬೆಳಕಿನ ಗೆರೆ ಹುಡುಕುವುದೂ ಒಂದು ಉಪಾಯ. ಬೆಳಕು ನುಸುಳಿದಲ್ಲೆಲ್ಲ ಸದ್ದು ನುಸುಳುತ್ತದೆ.

ತೂತುಗಳನ್ನು ಮುಚ್ಚಿದ ಮೇಲೆ ತಗಡಿನ ಸರದಿ. ದೇವಸ್ಥಾನದ ಜಾಗಟೆಯನ್ನು ಬಾರಿಸಿ ಕೂಡಲೇ ಅದರ ಮೇಲೆ ಅಂಗೈ ಇಟ್ಟರೆ ನಾದ ಅಲ್ಲಿಯೇ ನಿಲ್ಲುತ್ತದೆ. ಜಾಗಟೆಯ ತೂಕ ಹೆಚ್ಚಲಿಲ್ಲ, ಅದರ ಮುಂದೆ ಅಡ್ಡಗೋಡೆಯೂ ಬರಲಿಲ್ಲ. ಕಂಪನದ ಶಕ್ತಿಯನ್ನು ಮೆತ್ತನೆಯ ಅಂಗೈ ಹೀರಿ ಶಾಖವಾಗಿ ಮಾರ್ಪಡಿಸಿತು. ಬಾಗಿಲು, ನೆಲ, ಚಾವಣಿಗಳ ತಗಡಿಗೆ ಡಾಂಬರಿನ ಜಾತಿಯ ಬಿಟುಮಿನ್ ಹಾಳೆಯನ್ನೋ ಬ್ಯುಟೈಲ್ ರಬ್ಬರಿನ ಹಾಳೆಯನ್ನೋ ಅಂಟಿಸಿದರೆ ಅದು ಈ ಅಂಗೈಯ ಕೆಲಸ ಮಾಡುತ್ತದೆ. ಹಾಳೆಯ ಹೊರಮೈಗೆ ತೆಳುವಾದ ಅಲ್ಯುಮಿನಿಯಂ ಪದರವಿದ್ದರೆ ಗುಣ ಹೆಚ್ಚು. ತಗಡು ಬಾಗಿದಾಗ ಎರಡು ಲೋಹಗಳ ನಡುವೆ ಸಿಕ್ಕಿದ ಅಂಟು ಪದರ ಅತ್ತಿತ್ತ ಎಳೆದಾಡಲ್ಪಟ್ಟು ಹೆಚ್ಚು ಶಕ್ತಿಯನ್ನು ನುಂಗುತ್ತದೆ. ಇಡೀ ತಗಡನ್ನು ಮುಚ್ಚಬೇಕಾದ ಅಗತ್ಯವೂ ಇಲ್ಲ. ಬೆರಳಿನಿಂದ ಬಡಿದಾಗ ತಮಟೆಯಂತೆ ಮೊಳಗುವ ಅಗಲವಾದ ಜಾಗಗಳ ನಡುಭಾಗಕ್ಕೆ ಅಂಟಿಸಿದರೆ ಬಹುಪಾಲು ಫಲ ದೊರೆಯುತ್ತದೆ.

ಆದರೆ ಸ್ಪಂಜನ್ನು ಅಂಟಿಸುವುದೇ ಸದ್ದಡಗಿಸುವ ಕೆಲಸವೆಂದು ಬಗೆದವರು ಬಹಳ. ಇದು ಅರ್ಧ ಸತ್ಯ. ಸ್ಪಂಜು ಸದ್ದನ್ನು ಹೀರುತ್ತದೆ, ನಿಜ. ಆದರೆ ತನ್ನ ದಪ್ಪ ಸದ್ದಿನ ತರಂಗದೂರದ ಕಾಲುಭಾಗದಷ್ಟಿದ್ದಾಗ ಮಾತ್ರ ಚೆನ್ನಾಗಿ ಹೀರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ, ಸುತ್ತಿಗೆ ಎರಡರಂತೆ ಸೆಕೆಂಡಿಗೆ 80 ಸ್ಫೋಟಗಳಾಗುತ್ತವೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿದರೆ ಈ ಗುಡುಗಿನ ತರಂಗದೂರ 4.25 ಮೀಟರ್. ಅದನ್ನು ಹೀರಲು ಒಂದು ಮೀಟರ್ ದಪ್ಪದ ಸ್ಪಂಜು ಬೇಕು. ಚಾಲಕನಿಗೆ ಕೂರಲು ಎಡೆಯೇ ಉಳಿಯದು. 2.5 ಸೆಂಟಿಮೀಟರ್ ಸ್ಪಂಜು ಚೆನ್ನಾಗಿ ಹೀರುವುದು 3,400 ಕಂಪನಗಳ ಸುತ್ತಿನ ಕಟಕಟವನ್ನು. ಕಿವಿಯ ರೋಮಕೋಶಗಳಿಗೆ ಮೊದಲು ಪೆಟ್ಟು ಬೀಳುವುದು ಆ ನೆರೆಹೊರೆಯಲ್ಲಿಯೇ ಆದುದರಿಂದ ಅದೂ ಸಣ್ಣ ಲಾಭವಲ್ಲ. ಕೆಳಸ್ವರದ ಗುಡುಗಿಗೆ ಮಾತ್ರ ಮೌಂಟಿಂಗ್, ಸೈಲೆನ್ಸರ್ ಮತ್ತು ತೂಕವೇ ಮದ್ದು.

ತೂಕವೆಂದರೆ ಭಾರವಾದ ರಬ್ಬರಿನ ಹಾಸು. ಗೋಡೆಯ ತೂಕ ಇಮ್ಮಡಿಯಾದರೆ ಅದು ತಡೆಯುವ ಸದ್ದು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಮುಕ್ಕಾಲು ಮಿಲಿಮೀಟರ್‌ನ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ತೂಗುತ್ತದೆ. ಆದುದರಿಂದ ಅಷ್ಟೇ ತೂಕದ ಹಾಸನ್ನು ನೆಲಕ್ಕೂ ಎಂಜಿನ್ ಕಡೆಯ ಗೋಡೆಗೂ ಹಾಕಬೇಕು. ಹಾಸು ತಗಡಿಗೆ ನೇರವಾಗಿ ತಾಗದಂತೆ ನಡುವೆ ಕಂಬಳಿಯಂತಹ ಫೆಲ್ಟ್ ಪದರವಿದ್ದರೆ ಇನ್ನೂ ಉತ್ತಮ.

ಕೆಲವು ಎಚ್ಚರಗಳು ಅಗತ್ಯ. ಹೊಗೆಕೊಳವೆ ಕೆಂಪಗೆ ಕಾಯುವ ಕಡೆಯಲ್ಲಿ ಹತ್ತಿ, ಗೋಣಿ, ಹಾಸಿಗೆಯ ಸ್ಪಂಜುಗಳನ್ನು ಇಡುವುದೆಂದರೆ ಬೆಂಕಿಯನ್ನು ಕರೆದಂತೆ. ಅಲ್ಲಿಗೆ ಬೆಂಕಿ ತಗಲದ ಪದಾರ್ಥವೇ ಆಗಬೇಕು. ಬಾಗಿಲಿನ ತಳದಲ್ಲಿರುವ ಸಣ್ಣ ರಂಧ್ರಗಳು ಮಳೆನೀರು ಹೊರಹೋಗುವ ದಾರಿ. ಉತ್ಸಾಹದಲ್ಲಿ ಅವನ್ನೂ ಮುಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಬಾಗಿಲೇ ತುಕ್ಕಿಗೆ ಆಹುತಿಯಾಗುತ್ತದೆ. ಇನ್ನು ಕೆಲವರು, ಸದ್ದು ಪೂರ್ತಿಯಾಗಿ ಅಡಗಿದರೆ ಯಂತ್ರದ ಕಾಯಿಲೆ ತಿಳಿಯುವುದು ಹೇಗೆಂದು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಅನುಭವವುಳ್ಳ ಚಾಲಕ ಬೇರಿಂಗ್ ಸವೆದುದನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಅರಿಯುತ್ತಾನೆ. ಆದರೆ ಹಳೆಯ ಪಿಕಪ್ಪಿನಲ್ಲಿ ಅಷ್ಟು ಮೌನ ಸಾಧ್ಯವೇ ಇಲ್ಲ. ಮೇಲಾಗಿ, ಗದ್ದಲ ಇಳಿದಾಗ ಅದರಲ್ಲಿ ಮುಳುಗಿದ್ದ ಹೊಸ ಸದ್ದುಗಳೂ, ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗೂ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳಿಸುತ್ತವೆ.

ನಮ್ಮ ದೇಶದ ಸೆಕೆಯಲ್ಲಿ ಇನ್ನೊಂದು ತೊಡಕಿದೆ. ಹವಾನಿಯಂತ್ರಣವಿಲ್ಲದ ವಾಹನದಲ್ಲಿ ಚಾಲಕ ಕಿಟಕಿಯ ಗಾಜನ್ನು ಪೂರ್ತಿ ಇಳಿಸುತ್ತಾನೆ. ತೆರೆದ ಕಿಟಕಿ ಎಂದರೆ ಎಲ್ಲಕ್ಕಿಂತ ದೊಡ್ಡ ತೂತು. ಅದೂ ಅವನ ಬಲಗಿವಿಯ ಪಕ್ಕದಲ್ಲಿಯೇ. ಹಾಗಾದರೆ ಹಾಸು ಹೊದಿಕೆಗಳೆಲ್ಲ ವ್ಯರ್ಥವೇ? ಅಲ್ಲ. ಕ್ಯಾಬಿನ್ ಕಾಯುವುದು ಬಿಸಿಲಿನಿಂದ ಮಾತ್ರವಲ್ಲ, ಎಂಜಿನ್ ಕಡೆಯ ಗೋಡೆ ಮತ್ತು ನೆಲದಿಂದಲೂ ಹೌದು. ಸದ್ದಿಗೆಂದು ಹಾಕಿದ ಫೆಲ್ಟ್ ಆ ಬಿಸಿಯನ್ನೂ ತಡೆಯುತ್ತದೆ. ಕಾಲಡಿಯ ತಗಡು ಸುಡುವುದು ನಿಂತರೆ, ರಾತ್ರಿಯ ಪಯಣದಲ್ಲಿಯಾದರೂ ಗಾಜನ್ನು ಮುಕ್ಕಾಲು ಏರಿಸಿಕೊಂಡು ಹೋಗಲು ಚಾಲಕನಿಗೆ ಸಾಧ್ಯವಾಗುತ್ತದೆ.